ಬಂದರಿನ ನಕ್ಷೆಯಲ್ಲಿ ಮನೆಗಳೆಲ್ಲಿ?

ಇವತ್ತು ಊರಿನ ಸಲಹಾ ಮಂಡಳಿ ಸಭೆಗೆ ಹೋಗಿ ಕೂತಿದ್ದೆ. ಬಂದರು ವಿಸ್ತರಣೆ ಒಂದು ವಿಷಯ, ವಸತಿ ಇನ್ನೊಂದು ವಿಷಯ ಅಂತ ಕಾರ್ಯಸೂಚಿಯಲ್ಲಿ ಬೇರೆಬೇರೆ ಹಾಕಿದ್ದರು. ಕಡಲತಡಿಯ ಊರಲ್ಲಿ ಎರಡಕ್ಕೂ ಬೇಕಾಗಿರೋದು ಒಂದೇ ಜಾಗ. ದೋಣಿ ನಿಲ್ಲಿಸೋಕೆ, ಬಲೆ ಒಣಗಿಸೋಕೆ, ಮೀನು ಹರಾಜಿಗೆ ನೀರಿನ ಅಂಚೇ ಆಗಬೇಕು. ಸಮುದ್ರ ಕಾಣುವ ಫ್ಲ್ಯಾಟಿಗೂ ಅದೇ ಅಂಚು. ಫ್ಲ್ಯಾಟನ್ನ ನಾಲ್ಕು ಬೀದಿ ಹಿಂದೆ ಕಟ್ಟಬಹುದು, ಜೆಟ್ಟಿಯನ್ನ ಅಲ್ಲಿ ಕಟ್ಟೋಕಾಗುತ್ತಾ?

ಬ್ರೇಕ್‌ವಾಟರ್ (ಬಂದರಿಗೆ ಅಲೆ ನುಗ್ಗದಂತೆ ಸಮುದ್ರದೊಳಕ್ಕೆ ಕಟ್ಟೋ ತಡೆಗೋಡೆ) ಮಾತು ಬಂದಾಗ ಕಿವಿ ನೆಟ್ಟಗಾಯ್ತು. ಅಲೆಗಳು ತೀರದುದ್ದಕ್ಕೂ ಸಾಗಿಸೋ ಮರಳನ್ನ ಆ ಗೋಡೆ ಒಂದು ಬದಿಯಲ್ಲಿ ತಡೆದು ಗುಡ್ಡೆ ಹಾಕುತ್ತೆ. ಇನ್ನೊಂದು ಬದಿಗೆ ಮರಳು ಸಿಗದೆ ಕಡಲ್ಕೊರೆತ ಶುರುವಾಗುತ್ತೆ. ಆ ಬದಿಯಲ್ಲಿ ಮನೆಗಳಿದ್ದರೆ ಅದು ಬಂದರಿನ ಪ್ರಶ್ನೆಯೋ, ವಸತಿಯ ಪ್ರಶ್ನೆಯೋ ಅಂತ ಹಿಂದಿನ ಸಾಲಿಂದ ಒಬ್ಬರು ಕೇಳಿದರು. ‘ಮುಂದಿನ ಸಭೆಯಲ್ಲಿ ನೋಡೋಣ’ ಅಂದರು ಮಂಡಳಿಯವರು. (ಪಾರ್ಕಿಂಗ್ ಬಗ್ಗೆ ಮಾತ್ರ ಭರ್ಜರಿ ಚರ್ಚೆ ನಡೀತು.)

ಮಂಡಳಿ ಶಿಫಾರಸು ಮಾಡಬಹುದಷ್ಟೇ, ತೀರ್ಮಾನ ಮೇಲಿನವರದ್ದು. ಆದರೂ ಆಕ್ಷೇಪ ನಡಾವಳಿಯಲ್ಲಿ ದಾಖಲಾಗಿದ್ದರೆ ನಾಳೆ ಯಾರೂ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನೋ ಹಾಗಿಲ್ಲ. ಮುಂದಿನ ಸಭೆಗೆ ಗೋಡೆಯ ಆಚೆ ಬದಿಯವರನ್ನೂ ಕರಕೊಂಡು ಹೋಗಬೇಕು.