ಬೀಗರ ಟೂರು, ನನ್ನ ನಕಾಶೆ

ಹಾಸನದಿಂದ ತಂಗಿಯ ಅತ್ತೆ-ಮಾವ ಚಳಿಗಾಲದಲ್ಲಿ ಕಲಬುರಗಿಗೆ ಬರ್ತೀವಿ ಅಂತ ಫೋನ್ ಮಾಡಿದ ದಿನವೇ ಮಗಳ ಹಳೇ ನೋಟ್‌ಬುಕ್ ಹುಡುಕಿ, ಖಾಲಿ ಹಾಳೆ ತೆಗೆದು ಕೂತೆ. ಇರೋದು ಮೂರು ದಿನ. ಅದಕ್ಕೆ ಇಷ್ಟು ಮುಂಚೆಯಿಂದ ಗೆರೆ ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು ನೋಡಿ ಮನೆಯಲ್ಲಿ ನಗು. “ಬೀಗರು ಉಣ್ಲಾಕ್ ಬರ್ಲತ್ತಾರೋ, ಪರೀಕ್ಷಾ ಬರೀಲಾಕ್ ಬರ್ಲತ್ತಾರೋ?” ಅಂದಳು ಹೆಂಡತಿ. ನಾನು ಉತ್ತರ ಕೊಡಲಿಲ್ಲ. ಊರೂರು ತಿರುಗುವಷ್ಟು ರಜೆ, ರೊಕ್ಕ ಎರಡೂ ನನ್ನ ಹತ್ತಿರ ಇಲ್ಲ. ಟೂರಿನ ಲೆಕ್ಕ ಹಾಕುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.

ಹಾಸನದವರಿಗೆ ಊರು ತೋರಿಸುವುದು ಸುಲಭದ ಮಾತಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿ ಅವರ ಪಾಲಿಗೆ ಪಕ್ಕದ ಊರಿನ ಗುಡಿ. ಕಲ್ಲಿನಲ್ಲಿ ಬಳೆ, ಉಂಗುರ, ಜಡೆಯ ಎಳೆ ಎಲ್ಲ ನೋಡಿ ಬೆಳೆದವರಿಗೆ ಕೆತ್ತನೆ ತೋರಿಸಿ ಗೆಲ್ಲಲಿಕ್ಕೆ ಆಗುವುದಿಲ್ಲ. ಹಾಗಾದರೆ ಅಲ್ಲಿಲ್ಲದ್ದು ಇಲ್ಲೇನಿದೆ? ಈ ಪ್ರಶ್ನೆ ಹಾಳೆಯ ತುದಿಯಲ್ಲಿ ಬರೆದುಕೊಂಡ ಮೇಲೆ ಕೆಲಸಕ್ಕೆ ರುಚಿ ಬಂತು.

ಮೊದಲು ನಮ್ಮ ಕೋಟೆ. ಒಳಗಿನ ಜಾಮಿ ಮಸೀದಿ 1367ರದ್ದು. ಮಸೀದಿ ಅಂದರೆ ನಡುವೆ ಬಯಲು ಅಂಗಳ ಇರುವುದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮಾಳಿಗೆ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಚಿತ್ರವಿಲ್ಲ, ಬಳ್ಳಿಯಿಲ್ಲ, ಬರೀ ಸುಣ್ಣದ ಬಿಳುಪು ಮತ್ತು ನೆರಳು. ಚಿಕ್ಕಂದಿನಿಂದ ನೋಡಿದ ಜಾಗ ಬೀಗರ ಕಣ್ಣಿನಿಂದ ನೋಡಿದಾಗ ಬೇರೆಯೇ ಕಂಡಿತು. ಮೊದಲ ದಿನ ಬೆಳಿಗ್ಗೆಗೆ ಅದನ್ನು ಬರೆದೆ.

ಆಮೇಲೆ ಸನ್ನತಿ. ಇದಕ್ಕೆ ನಾನು ಬಹಳ ಹೊತ್ತು ಕೊಟ್ಟೆ, ಕೊಡಲೇಬೇಕಾದ ಜಾಗವೂ ಹೌದು. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಗೆ ಕುಲದೇವರೆಂದು ಹೋಗಿ ಬರುವವರು ನಮ್ಮ ಕಡೆ ಬೇಕಾದಷ್ಟು ಮಂದಿ. ಆ ಗುಡಿಯ ಆವರಣದಲ್ಲೇ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನದ ಕಲ್ಲು ಹೊರಬಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಅದರ ಒಂದು ಹಲಗೆಯ ಫೋಟೊವನ್ನು ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ: ನಡುವೆ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಕೊಡೆ, ಚಾಮರ ಹಿಡಿದ ಹೆಂಗಸರು, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೊ’. ಅಶೋಕ ಅನ್ನುವ ಹೆಸರೇ ಇರುವ ಶಾಸನ 1915ರಲ್ಲಿ ಆಚೆ ಮಸ್ಕಿಯಲ್ಲಿ ಸಿಕ್ಕಿತ್ತು. ಹೆಸರಿನ ಜೊತೆ ಆಕಾರವೂ ಸಿಕ್ಕಿದ್ದು ನಮ್ಮ ಭೀಮಾ ದಂಡೆಯಲ್ಲಿ. ಆ ರಾತ್ರಿ ಮಲಗಿದ್ದು ಬಹಳ ತಡವಾಗಿ. ಹಾಸನದವರಿಗೆ ಇದನ್ನು ಹೇಗೆ ಹೇಳಬೇಕು, ಕಾರಿನಲ್ಲಿ ಹೋಗುವಾಗಲೇ ಹೇಳಿಬಿಡಬೇಕೋ, ಕಲ್ಲಿನ ಮುಂದೆ ನಿಲ್ಲಿಸಿ ಹೇಳಬೇಕೋ ಎಂದೆಲ್ಲ ಮನಸ್ಸಿನಲ್ಲೇ ತಾಲೀಮು.

ಎರಡನೇ ದಿನ ಬೀದರ್. ಬಹಮನಿಗಳು ಮೊದಲು ಕಲಬುರಗಿಯಲ್ಲಿ ಆಳಿ, ಅಹ್ಮದ್ ಷಾನ ಕಾಲಕ್ಕೆ ರಾಜಧಾನಿಯನ್ನು ಬೀದರಿಗೆ ಒಯ್ದರು. ಇವತ್ತು ಇಲ್ಲಿಯ ಕೋಟೆ, ನಾಳೆ ಅಲ್ಲಿಯದು ಅಂದರೆ ರಾಜಧಾನಿ ಹೋದ ದಾರಿಯಲ್ಲೇ ಬೀಗರೂ ಹೋದ ಹಾಗೆ. ಇಂಥದ್ದೊಂದು ತಾನಾಗೇ ಕೂಡಿಬಂದಾಗ ಆಗುವ ಖುಷಿಯೇ ಬೇರೆ. ಎದ್ದು ಹೋಗಿ ಚಹಾ ಕಾಸಿಕೊಂಡು ಬಂದೆ.

2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾಗಿದ್ದರಿಂದ ಹೋಗುವುದು ರೈಲಿಗೆ. ಬರುವುದು ಮಾತ್ರ ಹುಮನಾಬಾದ್ ಮೇಲಿಂದ ರಸ್ತೆಗೆ, ಯಾಕೆಂದರೆ ದಾರಿಯಲ್ಲಿ ಕಮಲಾಪುರ, ಕಮಲಾಪುರದ ಕೆಂಪು ಬಾಳೆಹಣ್ಣು. ಬೀದರಿನ ಗೆಳೆಯನಿಗೆ ಫೋನ್ ಮಾಡಿದರೆ, “ಅಣ್ಣಾ, ರಂಗೀನ್ ಮಹಲಿಗಿ ಕೀಲಿ ಹಾಕಿರ್ತಾರ. ಸುಮ್ ಹೋಗಿ ನಿಂತ್ರ ಆಗಲ್ಲ, ಮೊದ್ಲ ಮ್ಯೂಜಿಯಮ್ ಕಡಿ ಕೇಳ್ರಿ” ಅಂದ. ಕೋಟೆಯೊಳಗಿನ ಅರಮನೆ ಅದು, ಮುತ್ತಿನ ಚಿಪ್ಪು ಕೂರಿಸಿದ ಕರಿಕಲ್ಲು ಇರುವುದು ಆ ಕೀಲಿಯ ಹಿಂದೆಯೇ. ಇಂಥ ಒಂದು ಮಾತಿಗೆ ಹತ್ತು ವಿಡಿಯೋ ಸಮ ಅಲ್ಲ. ಮಧ್ಯಾಹ್ನ ನಾನಕ್ ಝಿರಾ ಗುರುದ್ವಾರದಲ್ಲಿ ಲಂಗರ್ ಊಟ, ತಲೆಗೆ ಕಟ್ಟಲಿಕ್ಕೆ ಕರ್ಚೀಫು. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಗುಮ್ಮಟದ ಒಳಗೆ ಕತ್ತಲು, ಮೇಲಿನ ಬಣ್ಣ ಕಾಣಲಿಕ್ಕೆ ಬ್ಯಾಟರಿ ಬೇಕು, ಅದನ್ನೂ ಬರೆದೆ. ಅಲ್ಲಿ ಮಲಗಿರುವ ಅದೇ ಅಹ್ಮದ್ ಷಾನನ್ನು ಅಲ್ಲಮಪ್ರಭು ಎಂದು ನಂಬುವವರಿದ್ದಾರೆ. ಉರುಸಿಗೆ ನಮ್ಮ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಹೋಗುತ್ತಾರೆ. ಬೀಗರು ದಿನಾ ವಚನ ಓದುವವರು. ಹಾಗಾಗಿ ಅಷ್ಟೂರಿಗೆ ಅರ್ಧ ತಾಸು ಹೆಚ್ಚು ಕೊಟ್ಟೆ.

ಆ ಅರ್ಧ ತಾಸಿಗಾಗಿ ಏನನ್ನಾದರೂ ತೆಗೆಯಬೇಕು. ಬಸವಕಲ್ಯಾಣ ಮೊದಲೇ ಹೋಗಿತ್ತು. ಅದಕ್ಕೊಂದು ಪೂರ್ತಿ ದಿನ ಬೇಕು, ಓಡೋಡಿ ನೋಡಿದರೆ ನೋಡಿದ ಹಾಗಲ್ಲ. ಎದೆ ಗಟ್ಟಿ ಮಾಡಿಕೊಂಡು ಅಳಿಸಿದ್ದು ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಅಂದರೆ ಸಣ್ಣ ಮಾತೇ? ಕಾಗಿಣಾ ದಂಡೆಯ ಆ ಕೋಟೆಯನ್ನು ಪೆನ್ಸಿಲ್ಲಿನಿಂದ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದು ದಿನಕ್ಕೆ ಏಳೆಂಟು ಜಾಗ ತುರುಕಿ, ಎಲ್ಲಾ ಕಡೆ ಇಳಿದು ಫೋಟೊ ಹೊಡೆದು ಮತ್ತೆ ವ್ಯಾನು ಹತ್ತಿಸುವ ಟೂರು ನನಗೆ ಸೇರುವುದಿಲ್ಲ. ತೆಗೆದುಹಾಕಿದ್ದಕ್ಕೆ ಇನ್ನೊಮ್ಮೆ ಬರಲಿಕ್ಕೆ ನೆಪ ಸಿಗುತ್ತದೆ, ತುರುಕಿದ್ದಕ್ಕೆ ಕಾಲುನೋವು ಸಿಗುತ್ತದೆ.

ಮೂರನೇ ದಿನದ ಜಾಗ ಖಾಲಿ ಇತ್ತು. ನಕಾಶೆ ಮುಚ್ಚಿ ಪಂಚಾಂಗ ತೆಗೆದೆ. ಎಳ್ಳ ಅಮಾಸಿ! ಅವತ್ತು ಕಲಬುರಗಿಯಲ್ಲಿ ಬಂದ್ ಕರೆ ಕೊಟ್ಟಂಗೆ ರಸ್ತೆಗಳು ಬಿಕೋ ಅನ್ನುತ್ತವೆ, ಊರಿಗೆ ಊರೇ ಹೊಲದಲ್ಲಿ. ಟೂರಿನವರ ಲೆಕ್ಕದಲ್ಲಿ ಅದು ಕೆಟ್ಟ ದಿನ, ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೇ ದಿನ ಇಲ್ಲ. ಆಳಂದ ಕಡೆ ಹೆಂಡತಿಯ ಅಣ್ಣನ ಹೊಲವಿದೆ. ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ, ಚರಗ ಚೆಲ್ಲುವುದು ಅಂದರೆ ಹೊಲಕ್ಕೆಲ್ಲ ನೈವೇದ್ಯ ಎರಚುವುದು, ಆಮೇಲೆ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಮತ್ತೆ ಹಸಿ ತೊಗರಿ, ಹಸಿ ಕಡಲಿ, ಸಿಕ್ಕ ಸಿಕ್ಕ ಸೊಪ್ಪೆಲ್ಲ ಬಿದ್ದ ಭಜ್ಜಿ. ಅಲ್ಲಿಗೆ ಹೆಂಡತಿಯೂ ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡಳು. “ಮುದ್ದಿ ಉಣ್ಣೋರಿಗಿ ಸಜ್ಜಿ ರೊಟ್ಟಿ ಹೊಟ್ಟಿಗಿ ಹತ್ತತದೋ ಇಲ್ಲೋ, ಅನ್ನಾನೂ ಬರೀರಿ.”

ಅಮಾಸಿಯಿಂದ ಹಿಂದೆ ಎಣಿಸಿ ಟಿಕೆಟ್ ತೆರೆಯುವ ದಿನ ಗುರುತು ಹಾಕಿದೆ. ಮೊದಲು 120 ದಿನ ಮುಂಚೆ ಸಿಗುತ್ತಿದ್ದ ರಿಸರ್ವೇಷನ್ನು 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಹಾಸನ–ಸೊಲ್ಲಾಪುರ ರೈಲು ನೇರ ನಮ್ಮೂರಿಗೇ ಬರುತ್ತದೆ, ನಡುವೆ ಇಳಿದು ಹತ್ತುವ ರಗಳೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಕಾದು ಕೂತು ಎರಡೂ ಲೋಯರ್ ಬರ್ತ್ ಹಿಡಿದೆ.

ಅವರು ಬಂದರು, ನೋಡಿದರು, ಉಂಡರು, ಹೋದರು. ಎಲ್ಲ ಚೆನ್ನಾಗೇ ಆಯಿತು. ಸಜ್ಜಿ ರೊಟ್ಟಿ ಬೀಗರಿಗೆ ಹೊಟ್ಟೆಗೆ ಹತ್ತಿತು, ಬೀಗಿತ್ತಿಗೆ ಇಲ್ಲ. ಇದೇ ನೋಟ್‌ಬುಕ್ಕನ್ನು ಬೀಗರು ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಓದಿ, ಒಂದೊಂದು ಹಾಳೆಯ ಫೋಟೊ ಹೊಡೆದುಕೊಂಡರು.

ಹೋದ ವಾರ ವಾಟ್ಸಾಪಿಗೆ ಅವರಿಂದ ಒಂದು ಹಾಳೆ ಬಂತು. ದುಂಡನೆಯ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ. “ಮೇ ರಜೆಗೆ ನೀವೆಲ್ಲ ಬನ್ನಿ. ಪ್ಲಾನ್ ಹಾಕಿದ್ದೀನಿ, ನೋಡಿ ಹೇಳಿ” ಅಂತ ಕೆಳಗೆ ಬರೆದಿದ್ದಾರೆ. ನೋಡಿದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಒಂದೇ ದಿನಕ್ಕೆ! ಹಾಸನದಿಂದ ಬೇಲೂರು ಒಂದು ದಿಕ್ಕು, ಬೆಳಗೊಳ ಇನ್ನೊಂದು ದಿಕ್ಕು. ಅದರಲ್ಲೂ ಗೊಮ್ಮಟನ ಬೆಟ್ಟ ಹತ್ತುವುದನ್ನು ಮಧ್ಯಾಹ್ನ ಎರಡು ಗಂಟೆಗೆ ಇಟ್ಟಿದ್ದಾರೆ, ಮೇ ತಿಂಗಳಲ್ಲಿ, ಬರಿಗಾಲಲ್ಲಿ ಬಂಡೆಯ ಮೇಲೆ. ಅದನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಸರಿಸಿ, ಬಾಣದ ಗುರುತು ಹಾಕಿ ವಾಪಸ್ ಕಳಿಸಿದ್ದೇನೆ. ಬೀಗರು ಇನ್ನೂ ಒಪ್ಪಿಲ್ಲ. ಮಾತುಕತೆ ನಡೆದಿದೆ.