ಸಂಬಳವೇ ಬಾರದ ಮಕ್ಕಳ ಹತ್ರ ದೇಣಿಗೆ ಕೇಳಬಹುದಾ?

ನಾನು ಹಳೆ ವಿದ್ಯಾರ್ಥಿ ಸಂಘದ ಕೆಲಸ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಇದನ್ನೇ ಕೇಳುತ್ತಾರೆ. "ಕೊನೆ ವರ್ಷದ ಮಕ್ಕಳು ಇನ್ನೂ ಒಂದು ಸಂಬಳ ಕಂಡಿಲ್ಲ. ಎಷ್ಟೋ ಜನರ ತಲೆ ಮೇಲೆ ಓದಿನ ಸಾಲ ಇದೆ. ಅವರ ಹತ್ರ ಹೋಗಿ ಓದಿದ ಜಾಗಕ್ಕೆ ಏನಾದ್ರೂ ಕೊಡಿ ಅನ್ನೋದು ಸರೀನಾ?" ಅಪ್ಪ ಅಮ್ಮಂದಿರು ಕೇಳುತ್ತಾರೆ, ಮೇಷ್ಟ್ರುಗಳೂ ಕೇಳುತ್ತಾರೆ.

ಕೇಳಬಹುದು. ಆದರೆ ಬೇಡ ಅನ್ನೋದು ಆ ಹುಡುಗನಿಗೋ ಹುಡುಗಿಗೋ ಸುಲಭವಾಗಿರಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಹೊರಟು ನಿಂತ ಬ್ಯಾಚು ಕೊಡುವ ಹಣದಿಂದ ಯಾವ ಸಂಸ್ಥೆಯೂ ನಡೆಯುವುದಿಲ್ಲ. ದೊಡ್ಡ ಮೊತ್ತ ಬರುವುದು ಎಷ್ಟೋ ವರ್ಷ ಕಳೆದ ಮೇಲೆ. ನಂದನ್ ನಿಲೇಕಣಿ ಐಐಟಿ ಬಾಂಬೆ ಸೇರಿದ್ದು 1973ರಲ್ಲಿ. ಅವರು 315 ಕೋಟಿ ರೂಪಾಯಿ ಕೊಟ್ಟಿದ್ದು 2023ರಲ್ಲಿ, ಆ ನಂಟಿಗೆ 50 ವರ್ಷ ತುಂಬಿದಾಗ. ಅದಕ್ಕೂ ಮೊದಲೇ ಬೇರೆ ಬೇರೆ ಸಲ ಒಟ್ಟು 85 ಕೋಟಿ ಕೊಟ್ಟಿದ್ದರು. ನಡುವೆ ನಂಟು ಕಡಿದಿರಲಿಲ್ಲ ಎನ್ನುವುದನ್ನು ಗಮನಿಸಿ. ಕೊನೆ ವರ್ಷದವರನ್ನು ಕೇಳುವುದು ಈ ನಂಟಿಗಾಗಿ. ಕೊಡುವ ರೂಢಿ ಚಿಕ್ಕದಾಗಿ, ಬೇಗ ಶುರುವಾದರೆ ಒಳ್ಳೆಯದು. ವರ್ಷ ವರ್ಷ ಎಲ್ಲರ ಹತ್ರ ಕೇಳುವುದೇನೂ ಹೊಸದಲ್ಲ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿ ನಿಧಿ 1890ರಷ್ಟು ಹಳೆಯದು.

ಆದರೆ ಹಣಕ್ಕಿಂತ ನಂಟು ಮುಖ್ಯ ಎಂದವರೇ ಎಷ್ಟು ಮಂದಿ ಕೊಟ್ಟರು ಎಂದು ಎಣಿಸಲು ಕೂರುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಯುಎಸ್ ನ್ಯೂಸ್ ಪತ್ರಿಕೆ ಕಾಲೇಜುಗಳಿಗೆ ರ‍್ಯಾಂಕ್ ಕೊಡುವಾಗ, ಹಳೆ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಜನ ದೇಣಿಗೆ ಕೊಟ್ಟರು ಎನ್ನುವುದಕ್ಕೂ ಅಂಕ ಇಡುತ್ತಿತ್ತು. 2023ರಲ್ಲಿ ಅದನ್ನು ಕೈಬಿಟ್ಟಿತು. ತಲೆ ಎಣಿಕೆಗೆ ಬೆಲೆ ಬಂದಾಗ ಏನಾಗುತ್ತದೆ? 2010ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೊನೆ ವರ್ಷದ ಬ್ಯಾಚಿನಲ್ಲಿ ಕೊಡದೆ ಉಳಿದವಳು ಒಬ್ಬಳೇ ವಿದ್ಯಾರ್ಥಿನಿ. ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಅವಳನ್ನು ಟೀಕಿಸಿ ಬರೆದರು. ಅವಳ ಹೆಸರು, ಫೋಟೋ ಇಂಟರ್ನೆಟ್ಟಿಗೂ ಬಂತು. ಕೊಡಲೇಬೇಕು ಅಂತಾದ ಮೇಲೆ ಅದು ದೇಣಿಗೆ ಹೇಗಾಗುತ್ತದೆ, ದಂಡ ಅಲ್ವಾ?

ಹಾಗಾಗಿ ಯಾರು ಕೊಟ್ಟಿಲ್ಲ ಎನ್ನುವ ಪಟ್ಟಿಯನ್ನು ಸಹಪಾಠಿಗಳ ಕೈಗೆ ಕೊಡಲೇಬಾರದು. ಕೊಟ್ಟವರ ಹೆಸರನ್ನು ಪ್ರಕಟಿಸುವುದೂ ನನಗೆ ಅಷ್ಟಾಗಿ ಇಷ್ಟವಿಲ್ಲ, ಚಿಕ್ಕ ಬ್ಯಾಚಿನಲ್ಲಿ ಉಳಿದವರು ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಅಂಕ ಹಾಕುವ ಮೇಷ್ಟ್ರು, ಸಹಿ ಹಾಕುವ ಪ್ರಿನ್ಸಿಪಾಲ್ ಕೇಳಲೂಬಾರದು. ಅದೇ ಬ್ಯಾಚಿನ ಗೆಳೆಯರೋ ಎರಡು ವರ್ಷ ಹಿಂದೆ ಹೋದ ಸೀನಿಯರೋ ಕೇಳಲಿ. ಅವರಿಗೆ "ಆಗಲ್ಲ ಬಿಡು" ಅನ್ನಬಹುದು.

ಕಾಷನ್ ಡೆಪಾಸಿಟ್ ವಿಷಯ ಬೇರೆಯಾಗಿಯೇ ಹೇಳಬೇಕು. ಸೇರುವಾಗ ಕಟ್ಟಿದ ಹಣ, ಹೋಗುವಾಗ ವಾಪಸ್ ಬರಬೇಕಾದ್ದು. ಅದನ್ನೇ ಸಂಸ್ಥೆಗೆ ಬಿಟ್ಟುಕೊಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ, ಜೇಬಿಂದ ಹೊಸದಾಗಿ ತೆಗೆಯಬೇಕಿಲ್ಲ. ಆದರೆ ಫಾರಂನಲ್ಲಿ ಮೊದಲೇ ಟಿಕ್ ಹಾಕಿ ಇಡುವುದು, ನೋ ಡ್ಯೂ ಸರ್ಟಿಫಿಕೇಟ್ ಜೊತೆಗೇ ಈ ಕಾಗದವನ್ನೂ ಸಹಿಗೆ ಮುಂದಿಡುವುದು ಮೋಸದ ಹತ್ತಿರದ ಕೆಲಸ. ಆ ಹಣ ಕೆಲವರಿಗೆ ಮನೆಗೆ ಹೋಗುವ ಟಿಕೆಟ್ಟಿಗೆ ಬೇಕಿರುತ್ತದೆ.

ಯಾವುದಕ್ಕೆ ಅಂತ ಮೊದಲೇ ಹೇಳಿ. "ಸಂಸ್ಥೆಯ ಏಳಿಗೆಗೆ" ಎಂದರೆ ಯಾರ ಕಣ್ಣ ಮುಂದೆಯೂ ಏನೂ ಬರುವುದಿಲ್ಲ. ಸಣ್ಣ ಮೊತ್ತವನ್ನು ದತ್ತಿ ನಿಧಿಗೆ ಹಾಕುವುದಕ್ಕೆ ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ಅಸಲು ಮುಟ್ಟುವಂತಿಲ್ಲ. ಅಂಥ ನಿಧಿಗಳಿಂದ ವರ್ಷಕ್ಕೆ ಖರ್ಚು ಮಾಡುವುದು ಹೆಚ್ಚಾಗಿ ನೂರಕ್ಕೆ 4-5 ಮಾತ್ರ. ಇಡೀ ಬ್ಯಾಚು ಸೇರಿ ಕೊಟ್ಟರೂ ಒಂದು ಮೈಕ್ರೋಸ್ಕೋಪು ರಿಪೇರಿ ಆಗುವಷ್ಟು ಬಂದರೆ ಹೆಚ್ಚು. ಅದರ ಬದಲು ಅದೇ ವರ್ಷ ಪೂರ್ತಿ ಖರ್ಚಾಗುವಂಥದ್ದಕ್ಕೆ ಕೇಳಿ: ಲ್ಯಾಬಿನ ಕೆಟ್ಟ ಉಪಕರಣ, ಪರೀಕ್ಷೆ ಫೀಸು ಕಟ್ಟಲಾಗದ ಜೂನಿಯರ್. ಯಾವುದಕ್ಕೆ ಅಂತ ಆರಿಸುವುದನ್ನೂ ಆ ಬ್ಯಾಚಿಗೇ ಬಿಡಿ. ಏನು ಕೆಟ್ಟಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತು, ನಾಲ್ಕು ವರ್ಷ ಅದರ ಮುಂದೆ ಕೂತಿದ್ದಾರೆ! ಆಮೇಲೆ ಹಣ ಎಲ್ಲಿಗೆ ಹೋಯಿತು ಅಂತ ಒಂದು ಫೋಟೋ, ನಾಲ್ಕು ಸಾಲು ಕಳಿಸಿ. ಕಾಲೇಜಿನ ಇಮೇಲ್‌ಗೆ ಕಳಿಸಿದರೆ ಯಾರೂ ನೋಡುವುದಿಲ್ಲ. ಸ್ವಂತ ವಿಳಾಸವನ್ನು ಹೊರಡುವ ಮುಂಚೆಯೇ ಕೇಳಿ ಇಟ್ಟುಕೊಳ್ಳಿ.

ಹಣವೇ ಇಲ್ಲದವರ ಹತ್ರ ನಾನು ಕೇಳುವುದು ಸಮಯ. ಹೊಸದಾಗಿ ಹೊರಬಿದ್ದವರ ಸಮಯಕ್ಕೆ ಇರುವ ಬೆಲೆ ದೊಡ್ಡ ಸಾಹೇಬರ ಭಾಷಣಕ್ಕಿಲ್ಲ. ಮೂವತ್ತು ವರ್ಷ ಹಿಂದೆ ಕೆಲಸಕ್ಕೆ ಸೇರಿದವರಿಗೆ ಈಗಿನ ಸಂದರ್ಶನ ಹೇಗಿರುತ್ತದೆ ಅಂತ ಏನು ಗೊತ್ತು? ಹೋದ ವರ್ಷ ಸೇರಿದವಳಿಗೆ ಗೊತ್ತು. ಯಾವ ಪ್ರಶ್ನೆಗೆ ತಡಬಡಾಯಿಸಿದಳು, ಯಾವ ಕೋರ್ಸು ಸುಮ್ನೆ ದಂಡ ಅನ್ನಿಸಿತು, ಮೊದಲ ತಿಂಗಳ ಕೆಲಸ ಹೇಗಿತ್ತು, ಎಲ್ಲಾ ಹೇಳಬಲ್ಲಳು. ಎರಡು ಮೂರು ವರ್ಷ ಕಳೆದರೆ ಅವಳಿಗೂ ಇದು ಮರೆತು ಹೋಗುತ್ತದೆ. ಅದಕ್ಕೇ ಬೇಗ ಕೇಳಬೇಕು. ಒಂದು ಸಂಜೆ ಫೋನಲ್ಲಿ ಜೂನಿಯರ್ ಒಬ್ಬನ ರೆಸ್ಯೂಮೆ ತಿದ್ದಿಕೊಟ್ಟರೂ ನಾನು ಅದನ್ನು ಕೊಡುಗೆ ಅಂತಲೇ ಬರೆದುಕೊಳ್ಳುತ್ತೇನೆ.

ಶಾಲೆಯ ಋಣ ತೀರಿಸಿ ಎನ್ನುವ ಭಾಷಣ ಮಾತ್ರ ಬೇಡ. ಫೀಸು ಕಟ್ಟಿದವರು, ಅದಕ್ಕಾಗಿ ಸಾಲ ಮಾಡಿದವರು ಎದುರಿಗೇ ಕೂತಿರುತ್ತಾರೆ. ಕೆಲವರಿಗೆ ಅಲ್ಲಿ ಒಳ್ಳೆಯದಾಗಿರುವುದಿಲ್ಲ. ಹಾಸ್ಟೆಲ್ಲಿನಲ್ಲಿ ಅವಮಾನ ಆಗಿರುತ್ತದೆ, ದೂರು ಕೊಟ್ಟರೂ ಯಾರೂ ಕೇಳಿರುವುದಿಲ್ಲ. ಅಂಥವರು ಕೊಡಲ್ಲ ಅಂದಾಗ ಬಹಳಷ್ಟು ಸಂಘಗಳು ಮುಂದಿನ ಹೆಸರಿಗೆ ಹೋಗುತ್ತವೆ. ನಾನು ಯಾಕೆ ಅಂತ ಕೇಳುತ್ತೇನೆ. ಹೇಳಿದರೆ ಬರೆದುಕೊಂಡು, ಅವರ ಹೆಸರು ತೆಗೆದು, ಆಡಳಿತದವರ ಮೇಜಿಗೆ ತಲುಪಿಸುತ್ತೇನೆ. ದೇಣಿಗೆಗಾಗಿ ಅವರನ್ನು ಮತ್ತೆ ಕೇಳುವುದಿಲ್ಲ.