10,000 ಆಪ್ಷನ್ ಅಂದ್ರೆ ಎಷ್ಟು?

ಕಂಪನಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಸ್ಟಾರ್ಟಪ್‌ಗಳ ಆಫರ್ ಲೆಟರ್ ಹಿಡಿದು ಬರುವ ಗೆಳೆಯರದ್ದು ಒಂದೇ ಪ್ರಶ್ನೆ: "10,000 ಆಪ್ಷನ್ ಕೊಡ್ತಾರಂತೆ, ಒಳ್ಳೇದಾ?" ಕಂಪನಿಯ ಒಟ್ಟು ಷೇರು ಎಷ್ಟು ಅಂತ ನಾನು ತಿರುಗಿ ಕೇಳುತ್ತೇನೆ. 10 ಲಕ್ಷ ಇದ್ದರೆ ನಿಮ್ಮ ಪಾಲು ಶೇ. 1. 10 ಕೋಟಿ ಇದ್ದರೆ ಶೇ. 0.01 ಅಷ್ಟೇ!

ಆಪ್ಷನ್ ಅಂದರೆ ಷೇರಲ್ಲ, ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಆ ಹಕ್ಕು ಕಂತುಕಂತಾಗಿ ಕೈಸೇರುವುದೇ ವೆಸ್ಟಿಂಗ್. ಸಾಮಾನ್ಯವಾಗಿ 4 ವರ್ಷ, ಅದರಲ್ಲಿ ಮೊದಲ ವರ್ಷ ಕ್ಲಿಫ್, ಅಂದರೆ ಏನೂ ಕೈಸೇರದ ಅವಧಿ. 11ನೇ ತಿಂಗಳಲ್ಲಿ ಬಿಟ್ಟರೆ ಏನೂ ಇಲ್ಲ, ವರ್ಷ ತುಂಬಿದರೆ ಕಾಲು ಭಾಗ ನಿಮ್ಮದು. ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಅಂತಲೂ ನೋಡಿ. ಹಲವು ಕಡೆ 90 ದಿನ ಮಾತ್ರ.

ನನಗೆ ನಿಜಕ್ಕೂ ಸಂಕಟವಾಗುವುದು ಇನ್ನೊಂದು ವಿಷಯಕ್ಕೆ. ಹೂಡಿಕೆದಾರರ ಲಿಕ್ವಿಡೇಷನ್ ಪ್ರಿಫರೆನ್ಸ್, ಅಂದರೆ ಕಂಪನಿ ಮಾರಾಟವಾದಾಗ ಮೊದಲು ಹಣ ಪಡೆಯುವ ಹಕ್ಕಿನ ಬಗ್ಗೆ ಯಾರೂ ಕೇಳುವುದೇ ಇಲ್ಲ. 50 ಕೋಟಿ ಹೂಡಿಕೆ ಪಡೆದ ಕಂಪನಿ 40 ಕೋಟಿಗೆ ಮಾರಾಟವಾಯಿತು ಅಂದುಕೊಳ್ಳಿ. ಹೂಡಿದ್ದು ಮೊದಲು ವಾಪಸ್ ಬರಬೇಕು ಅನ್ನುವ ಷರತ್ತಿದ್ದರೆ ಆ 40 ಕೋಟಿ ಪೂರ್ತಿ ಹೂಡಿಕೆದಾರರಿಗೇ. ವರ್ಷಗಟ್ಟಲೆ ದುಡಿದವರ ಸಾಮಾನ್ಯ ಷೇರಿಗೆ ಸೊನ್ನೆ. ಇದು ಮೋಸವಲ್ಲ, ಒಪ್ಪಂದದಲ್ಲೇ ಬರೆದಿರುತ್ತದೆ.

ವಹಿವಾಟು ದೊಡ್ಡದು ಅಂದ ಮಾತ್ರಕ್ಕೆ ನಂಬಬೇಡಿ. ಬ್ಯಾಂಕಿನಲ್ಲಿರುವ ಹಣವನ್ನು ಪ್ರತಿ ತಿಂಗಳು ಕರಗುವ ಹಣದಿಂದ ಭಾಗಿಸಿ, ಅದೇ ರನ್‌ವೇ, ಅಂದರೆ ಹಣ ಇನ್ನೆಷ್ಟು ತಿಂಗಳು ಸಾಕಾಗುತ್ತದೆ ಅನ್ನುವ ಲೆಕ್ಕ. 12 ತಿಂಗಳಿಗಿಂತ ಕಡಿಮೆ ಬಂದರೆ, ಮುಂದಿನ ಹೂಡಿಕೆ ಯಾವಾಗ, ಆಗ ಹೊಸ ಷೇರು ಕೊಟ್ಟರೆ ನಿಮ್ಮ ಪಾಲು ಎಷ್ಟು ಇಳಿಯಬಹುದು ಅಂತ ಸಹಿ ಹಾಕುವ ಮೊದಲೇ ಕೇಳಿ.